ಶುಗರ್ ಇರುವವರ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟೆಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಶುಗರ್ ಇರುವವರಿಗೆ ಊಟ, ಮಾತ್ರೆ, ಇನ್ಸುಲಿನ್ ಬಗ್ಗೆ ಹೇಳಿಕೊಡುವುದು ನನ್ನ ಕೆಲಸ. ಕಾರವಾರ, ಅಂಕೋಲೆ, ಹೊನ್ನಾವರದಿಂದ ಜನ ಬರುತ್ತಾರೆ. ದೇವಿಮನೆ ಘಟ್ಟ ಇಳಿದು ಶಿರಸಿ ಕಡೆಯವರೂ ಬರುತ್ತಾರೆ. ಮೊದಲೆಲ್ಲ ಶುಗರ್ ಇರುವವರನ್ನು ಮಾತ್ರ ಕೂರಿಸಿ ಅರ್ಧ ಗಂಟೆ ಮಾತಾಡಿ ಕಳಿಸುತ್ತಿದ್ದೆ. ಈಗ ಮನೆಯವರು ಒಬ್ಬರಾದರೂ ಜೊತೆಗಿಲ್ಲದೆ ಶುರುವೇ ಮಾಡುವುದಿಲ್ಲ. ಆ ಮನೆಯವರು ಕೇಳುವ ಪ್ರಶ್ನೆಗಳನ್ನು ಅವರು ಕೇಳುವ ಧಾಟಿಯಲ್ಲೇ ಇಲ್ಲಿ ಇಟ್ಟಿದ್ದೇನೆ. ಮಾತ್ರೆ, ಇನ್ಸುಲಿನ್ ಪ್ರಮಾಣವನ್ನು ಮಾತ್ರ ಇದನ್ನು ಓದಿಕೊಂಡು ಬದಲಿಸಬೇಡಿ. ಅದು ನಿಮ್ಮ ಡಾಕ್ಟರ ಲೆಕ್ಕ.

ಶುಗರ್ ಇರುವುದು ಅಪ್ಪನಿಗೆ. ನಮ್ಮನ್ನು ಯಾಕೆ ಕರೆಯುತ್ತೀರಿ?

ಮನೆಯಲ್ಲಿ ಅಕ್ಕಿ ತೊಳೆದು ಇಡುವುದು ಅಪ್ಪನಾ? ಬಡಿಸುವುದು? ಸಂತೆಯಿಂದ ಸಾಮಾನು ತರುವುದು? ಡಾಕ್ಟರ ಎದುರು ಅವರು ಕೂರುವುದು ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷ. ಉಳಿದ ದಿನವೆಲ್ಲ ಕಳೆಯುವುದು ನಿಮ್ಮ ಜೊತೆಗೆ.

ಬಂದರಿನಲ್ಲಿ ಐಸ್ ಹೊರುವ ಕೆಲಸದವರೊಬ್ಬರು ಬರುತ್ತಿದ್ದರು. ಅನ್ನ ಕಡಿಮೆ ಮಾಡಿ ಅಂದೆ, ತಲೆಯಾಡಿಸಿದರು. ಮೂರು ತಿಂಗಳು ಬಿಟ್ಟು ಬಂದಾಗ ಶುಗರ್ ಒಂದಿಷ್ಟೂ ಇಳಿದಿರಲಿಲ್ಲ. ಮುಂದಿನ ಸಲ ಹೆಂಡತಿಯನ್ನು ಕರೆದುಕೊಂಡು ಬನ್ನಿ ಎಂದೆ. ಆಯಮ್ಮ ಬಂದು ಕೂತು ನಾನು ಮಾತು ಶುರು ಮಾಡಿದ ಮೇಲೆ ಗಂಡನ ಮುಖ ನೋಡಿದರು. ಅವರಿಗೆ ಗಂಡನಿಗೆ ಶುಗರ್ ಇರುವುದೇ ಗೊತ್ತಿರಲಿಲ್ಲ. "ಗ್ಯಾಸ್ಟ್ರಿಕ್ ಮಾತ್ರೆ ಅಂದಿದ್ರು" ಎಂದರು. ದಿನಾ ಮೂರು ಹೊತ್ತು ತಟ್ಟೆ ತುಂಬ ಬಡಿಸುತ್ತಿದ್ದವರು ಅವರು. ನಾನು ಹೇಳಬೇಕಾಗಿದ್ದು ಅವರಿಗೆ.

ಮನೆಯಿಂದ ಯಾರು ಬರಬೇಕು?

ಸಾಮಾನ್ಯವಾಗಿ ಬರುವುದು ಗಾಡಿ ಇರುವ ಮಗ ಅಥವಾ ಅಳಿಯ. ಅವರು ಹೊರಗೆ ನಿಂತು ಫೋನಿನಲ್ಲಿ ಮಾತಾಡುತ್ತಿರುತ್ತಾರೆ. ನನಗೆ ಬೇಕಾಗಿರುವುದು ಇಬ್ಬರು. ಒಬ್ಬರು ಅಡುಗೆ ಮಾಡುವವರು. ಇನ್ನೊಬ್ಬರು ರಾತ್ರಿ ಹತ್ತಿರದಲ್ಲಿ ಮಲಗುವವರು. ಎರಡೂ ಒಬ್ಬರೇ ಆದರೆ ಇನ್ನೂ ಒಳ್ಳೆಯದು. ಮೊಮ್ಮಕ್ಕಳು ಬಂದರೆ ಬೇಡ ಅನ್ನುವುದಿಲ್ಲ. ಹತ್ತು ವರ್ಷದ ಮಕ್ಕಳು ಬೆರಳು ಚುಚ್ಚಿ ಶುಗರ್ ನೋಡುವ ಗ್ಲುಕೋಮೀಟರ್ ಕಲಿಯುವಷ್ಟು ಬೇಗ ದೊಡ್ಡವರು ಕಲಿಯುವುದಿಲ್ಲ, ನಿಜ ಹೇಳಬೇಕೆಂದರೆ.

ಒಂದು ಮಾತು. ಶುಗರ್ ಇರುವವರನ್ನು ಮೊದಲು ಕೇಳಿ, ಅವರು ಒಪ್ಪಿದ ಮೇಲೆ ಬನ್ನಿ. ಮಗಳ ಎದುರು ಹೇಳಲು ಮುಜುಗರ ಆಗುವ ವಿಷಯಗಳು ಇರುತ್ತವೆ. ಅವರಿಗೆ ನಾನು ಕೊನೆಯಲ್ಲಿ ಹತ್ತು ನಿಮಿಷ ಬೇರೆ ಇಟ್ಟಿರುತ್ತೇನೆ.

ಬರುವಾಗ ಏನು ತರಬೇಕು?

ಹಳೆ ರಿಪೋರ್ಟ್, ಮಾತ್ರೆಗಳ ಕವರ್ ಇದ್ದ ಹಾಗೇ, ಗ್ಲುಕೋಮೀಟರ್, ದಿನಾ ಹಾಕುವ ಚಪ್ಪಲಿ. ಮನೆಯಲ್ಲಿ ಅನ್ನ ಬಡಿಸುವ ಸೌಟು. ಸೌಟು ಅಂದರೆ ಎಲ್ಲರೂ ನಗುತ್ತಾರೆ, ಆದರೂ ತನ್ನಿ.

ರಿಪೋರ್ಟಿನಲ್ಲಿ ಯಾವ ನಂಬರ್ ನೋಡಬೇಕು?

ಮೂರು ಸಾಕು. ಖಾಲಿ ಹೊಟ್ಟೆಯ ಶುಗರ್ 126 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಅಥವಾ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಮೇಲಿದ್ದರೆ ಅದು ಸಕ್ಕರೆ ಕಾಯಿಲೆ. ಒಂದೇ ಸಲದ ರಿಪೋರ್ಟ್ ನೋಡಿ ಗಾಬರಿಯಾಗಬೇಡಿ, ಸಾಮಾನ್ಯವಾಗಿ ಇನ್ನೊಮ್ಮೆ ನೋಡಿ ಖಾತ್ರಿ ಮಾಡುತ್ತಾರೆ. ಕಾಯಿಲೆ ಇರುವವರಲ್ಲಿ ಬಹಳ ಜನರಿಗೆ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟ ಶುರು ಮಾಡಿ ಎರಡು ಗಂಟೆಗೆ 180ರ ಒಳಗೆ, ಎಚ್‌ಬಿಎ1ಸಿ 7ರ ಒಳಗೆ ಇದ್ದರೆ ಸರಿ. ತುಂಬಾ ವಯಸ್ಸಾದವರಿಗೆ, ಪದೇ ಪದೇ ಲೋ (ಶುಗರ್ ತೀರಾ ಇಳಿಯುವುದು) ಆಗುವವರಿಗೆ ಡಾಕ್ಟರು ಸ್ವಲ್ಪ ಸಡಿಲ ಬಿಡುತ್ತಾರೆ. ಪಕ್ಕದ ಮನೆಯವರ ನಂಬರಿಗೆ ಹೋಲಿಸಿ ಅಪ್ಪನನ್ನು ಬಯ್ಯಬೇಡಿ.

ಅನ್ನ ಪೂರ್ತಿ ಬಿಡಬೇಕಾ? ಕುಚ್ಚಲಕ್ಕಿ ಆದರೆ ಎಷ್ಟು ತಿಂದರೂ ಅಡ್ಡಿಯಿಲ್ಲ ಅಂತಾರಲ್ಲ?

ಅನ್ನ ಬಿಡಿ ಅಂತ ಕರಾವಳಿಯವರಿಗೆ ಹೇಳಿದರೆ ಅವರು ಡಾಕ್ಟರನ್ನೇ ಬಿಡುತ್ತಾರೆ. ನಾನು ಬಿಡಿ ಅನ್ನುವುದಿಲ್ಲ, ಅಳೆಯಿರಿ ಅನ್ನುತ್ತೇನೆ. ಸೌಟು ತರಲು ಹೇಳುವುದು ಅದಕ್ಕೇ.

ನನ್ನ ಡಬ್ಬಿಯಲ್ಲಿ ಬೆಂದ ಅನ್ನ ಇರುತ್ತದೆ. ಒಂದು ಸ್ಟೀಲ್ ತಟ್ಟೆ ಇಟ್ಟು, "ಮನೆಯಲ್ಲಿ ಹೇಗೆ ಬಡಿಸುತ್ತೀರೋ ಹಾಗೇ ಬಡಿಸಿ" ಎನ್ನುತ್ತೇನೆ. ಅಮ್ಮಂದಿರು ನನ್ನ ಎದುರು ಮೊದಲು ಒಂದೇ ಸೌಟು ಹಾಕುತ್ತಾರೆ. ಸುಮ್ನೆ ಕೂತಿರುತ್ತೇನೆ. ಆಮೇಲೆ ಮತ್ತೊಂದು ಸೌಟು ಬೀಳುತ್ತದೆ. "ಸಾರಿಗೆ ಬೇಕಲ್ಲ" ಅಂತ ಇನ್ನೊಂದು, ಮಜ್ಜಿಗೆಗೆ ಅಂತ ಕೊನೆಯದು. ಅದನ್ನೆಲ್ಲ ಬಟ್ಟಲಿಗೆ ತುಂಬಿ ಅಳೆಯುತ್ತೇವೆ. ಸಾಮಾನ್ಯವಾಗಿ ನಾಲ್ಕು ಬಟ್ಟಲು ಆಗುತ್ತದೆ, ತೂಕ ಹಾಕಿದರೆ ನಾನೂರು ಗ್ರಾಂ ಹತ್ತಿರ. ನೂರು ಗ್ರಾಂ ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟ ಇರುತ್ತದೆ. ಹೊಟ್ಟೆಯೊಳಗೆ ಪಿಷ್ಟ ಕರಗಿ ಸಕ್ಕರೆಯಾಗುತ್ತದೆ. ಚಹಾಕ್ಕೆ ಅರ್ಧ ಚಮಚ ಸಕ್ಕರೆ ಹಾಕಬೇಕಾ ಬೇಡವಾ ಅಂತ ಜಗಳ ಆಡುವ ಮನೆಯಲ್ಲಿ, ಮಧ್ಯಾಹ್ನದ ತಟ್ಟೆಯಲ್ಲಿ 110 ಗ್ರಾಂ ಹೋಗುತ್ತಿರುವುದು ಯಾರ ಗಮನಕ್ಕೂ ಬಂದಿರುವುದಿಲ್ಲ.

ಕುಚ್ಚಲಕ್ಕಿ ಬೆಳ್ತಿಗೆ (ಬಿಳಿ) ಅಕ್ಕಿಗಿಂತ ಸ್ವಲ್ಪ ನಿಧಾನವಾಗಿ ಶುಗರ್ ಏರಿಸುತ್ತದೆ, ಹೌದು. ಆದರೆ ಅದೂ ಅನ್ನವೇ. ಅಳತೆ ಅದಕ್ಕೂ ಬೇಕು.

ತಟ್ಟೆಯ ಅರ್ಧ ಭಾಗ ಪಲ್ಯ ಇರಲಿ. ತೊಂಡೆಕಾಯಿ, ಬಸಳೆ, ಹರಿವೆ, ಬಾಳೆದಿಂಡು, ಏನು ಸಿಗುತ್ತದೋ ಅದು. ಕಾಲು ಭಾಗ ಮೀನು, ಮೊಟ್ಟೆ, ಬೇಳೆ ಅಥವಾ ಕಾಳು. ಉಳಿದ ಕಾಲು ಭಾಗ ಅನ್ನ. ಬಟಾಟೆ, ಗೆಣಸು ಪಲ್ಯದ ಲೆಕ್ಕಕ್ಕೆ ಬರುವುದಿಲ್ಲ, ಅವು ಅನ್ನದ ಲೆಕ್ಕ. ಮೊದಲು ಪಲ್ಯ, ಮೀನು ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿದರೆ ಶುಗರ್ ಒಮ್ಮೆಲೇ ಏರುವುದಿಲ್ಲ. ನಾಲ್ಕು ಬಟ್ಟಲಿನಿಂದ ಒಂದೇ ದಿನ ಒಂದಕ್ಕೆ ಇಳಿಸಬೇಡಿ. ವಾರಕ್ಕೆ ಅರ್ಧ ಸೌಟು ಕಡಿಮೆ ಮಾಡುತ್ತಾ ಬನ್ನಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರು ಊಟ ತಗ್ಗಿಸುವ ಮೊದಲೇ ಡಾಕ್ಟರಿಗೆ ಹೇಳಬೇಕು, ಇಲ್ಲದಿದ್ದರೆ ಲೋ ಆಗಬಹುದು.

ಬೆಳಿಗ್ಗೆ ಗಂಜಿ ಕುಡಿದರೆ? ರಾಗಿ ಗಂಜಿ?

ಗಂಜಿ ಮೆತ್ತಗೆ ಬೆಂದಷ್ಟೂ ಬೇಗ ಜೀರ್ಣ, ಶುಗರ್ ಏರುವುದೂ ಬೇಗ. ರಾಗಿ ಹಿಟ್ಟನ್ನು ನುಣ್ಣಗೆ ಮಾಡಿ ಕುದಿಸಿ ಕುಡಿದರೂ ಅದೇ ಕಥೆ. "ರಾಗಿ ಅಲ್ವಾ, ಏನಾಗಲ್ಲ" ಅಂತ ದೊಡ್ಡ ಲೋಟದಲ್ಲಿ ಕೊಡುತ್ತಾರೆ. ಒಂದು ದಿನ ಗಂಜಿ ಕುಡಿದು ಎರಡು ಗಂಟೆಗೆ ಶುಗರ್ ನೋಡಿ. ನಾನು ಹತ್ತು ಸಲ ಹೇಳುವುದಕ್ಕಿಂತ ಮೀಟರ್ ಒಂದು ಸಲ ತೋರಿಸುವುದು ಮನಸ್ಸಿಗೆ ನಾಟುತ್ತದೆ. ಗಂಜಿ ಬೇಕೇ ಬೇಕು ಅಂದರೆ ಸಣ್ಣ ಬಟ್ಟಲು, ಜೊತೆಗೆ ಹೆಸರುಕಾಳಿನ ಪಲ್ಯವೋ ಮೊಟ್ಟೆಯೋ ಇರಲಿ.

ಸಕ್ಕರೆ ಬಿಟ್ಟು ಜೋನಿ ಬೆಲ್ಲ ಹಾಕುತ್ತಿದ್ದೇವೆ. ಅದು ಪರವಾಗಿಲ್ಲ ಅಲ್ವಾ?

ಪರವಾಗಿಲ್ಲ ಅನ್ನುವ ಹಾಗಿಲ್ಲ. ರಕ್ತಕ್ಕೆ ಸಕ್ಕರೆಗೂ ಬೆಲ್ಲಕ್ಕೂ ಜೇನಿಗೂ ಅಂಥ ವ್ಯತ್ಯಾಸವೇನೂ ಗೊತ್ತಾಗುವುದಿಲ್ಲ. ಶಿರಸಿ, ಸಿದ್ದಾಪುರ ಕಡೆಯವರಿಗೆ ಇದನ್ನು ಹೇಳುವಾಗ ನನಗೇ ಸಂಕಟವಾಗುತ್ತದೆ. ಆಲೆಮನೆಯಿಂದ ಬಂದ ಜೋನಿ ಬೆಲ್ಲದ ಡಬ್ಬಿ ಎದುರಿಗಿದ್ದರೆ ದೋಸೆ ಬರೀ ಚಟ್ನಿ ಜೊತೆ ಇಳಿಯುವುದಾದರೂ ಹೇಗೆ?

ಆ ಕಡೆ ಇನ್ನೊಂದು ಕಷ್ಟ ಇದೆ, ಆಸ್ರಿ. ಯಾರ ಮನೆಗೆ ಹೋದರೂ "ಆಸ್ರಿಗೆ ಎಂತ ಮಾಡ್ಲಿ?" ಅಂತ ಕೇಳುತ್ತಾರೆ. ಕಷಾಯವೋ ಪಾನಕವೋ, ಬೆಲ್ಲವಂತೂ ಇರುತ್ತದೆ. ದಿನಕ್ಕೆ ನಾಲ್ಕು ಮನೆ ಸುತ್ತುವ ಭಟ್ಟರ ಗತಿ ಏನು? ಅಂಥವರ ಮನೆಯವರಿಗೆ ನಾನು ಹೇಳುವುದು, ನೆಂಟರಿಗೆ ಮೊದಲೇ ಫೋನ್ ಮಾಡಿ "ಮಜ್ಜಿಗೆ ಕೊಡಿ ಸಾಕು" ಎಂದುಬಿಡಿ. ಅವರೇ ಹೇಳಿದರೆ ಉಪಚಾರಕ್ಕೆ ಅಂತ ತಿಳಿದು ಮತ್ತೆ ಒತ್ತಾಯ ಮಾಡುತ್ತಾರೆ. ಮನೆಯವರು ಹೇಳಿದರೆ ಕೇಳುತ್ತಾರೆ. ಮುರುಗಲು ಪಾನಕವನ್ನು ಸಕ್ಕರೆ ಇಲ್ಲದೆ, ಉಪ್ಪು ಜೀರಿಗೆ ಹಾಕಿ ಮಾಡಿದರೆ ಅದೂ ಚೆನ್ನಾಗಿರುತ್ತದೆ.

ಮೀನು?

ಧಾರಾಳವಾಗಿ. ಬಂಗಡೆ, ತಾರ್ಲೆ ಒಳ್ಳೆಯದು. ಸಾರು ಮಾಡಿ, ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದು ಅಪರೂಪಕ್ಕೆ ಇರಲಿ. ಒಣಮೀನು ಮಾತ್ರ ಬಿಪಿ ಇದ್ದವರಿಗೆ ಕಡಿಮೆ ಮಾಡಿ, ಉಪ್ಪು ಜಾಸ್ತಿ. ಮೀನು ಸಾರು ಚೆನ್ನಾಗಿದ್ದ ದಿನ ಅನ್ನ ಎರಡು ಸೌಟು ಜಾಸ್ತಿ ಹೋಗುತ್ತದೆ, ಅದರ ಮೇಲೆ ಕಣ್ಣಿಡಿ.

ಮಾವು, ಹಲಸಿನ ಕಾಲದಲ್ಲಿ ಏನು ಮಾಡುವುದು?

ಅಂಕೋಲೆಯ ಕರಿ ಇಶಾಡಿ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಅಂಥ ಹಣ್ಣು ಮನೆಯಲ್ಲಿ ಘಮಘಮ ಅನ್ನುವಾಗ ಒಬ್ಬರಿಗೆ ಮಾತ್ರ ಬೇಡ ಅನ್ನುವುದು ಆಗದ ಮಾತು. ಶುಗರ್ ಹತೋಟಿಯಲ್ಲಿದ್ದರೆ ಸಣ್ಣ ಹಣ್ಣಿನ ಅರ್ಧ, ಹೋಳು ಮಾಡಿ, ಆ ಹೊತ್ತಿನ ಅನ್ನ ಅಷ್ಟು ಕಡಿಮೆ ಮಾಡಿ ಕೊಡಿ. ಸೀಕರಣೆ, ಜ್ಯೂಸ್ ಬೇಡ. ಹಲಸಿನ ಹಣ್ಣಾದರೆ ಮೂರು ನಾಲ್ಕು ತೊಳೆ. ಊಟವಾದ ಮೇಲೆ ಹೊಟ್ಟೆ ತುಂಬಿದ್ದರೂ ಹಣ್ಣು ತಿನ್ನುವ ಅಭ್ಯಾಸ ಇದೆಯಲ್ಲ, ಅದೇ ತೊಂದರೆ.

ಅವರಿಗೆ ಬೇರೆ ಅಡುಗೆ ಮಾಡಬೇಕಾ?

ಬೇಡ. ಬೇರೆ ಅಡುಗೆ ಎರಡು ವಾರ ನಡೆಯುತ್ತದೆ, ಆಮೇಲೆ ಮಾಡುವವರಿಗೂ ಬೇಜಾರು, ತಿನ್ನುವವರಿಗೆ ರೋಗಿಯ ಪಥ್ಯ ಅನ್ನಿಸಿ ಇನ್ನೂ ಬೇಜಾರು. ಮೇಲೆ ಹೇಳಿದ ತಟ್ಟೆ ಎಲ್ಲರಿಗೂ ಆಗುತ್ತದೆ. ಮನೆಯಲ್ಲಿ ಬೆಳೆಯುವ ಮಕ್ಕಳಿದ್ದರೆ ಅವರ ಪಾಲಿನ ಅನ್ನ ಜಾಸ್ತಿ ಇರಲಿ, ಅಷ್ಟೇ.

ಶುಗರ್ ಇರುವುದು ಅಮ್ಮನಿಗೇ. ಅಡುಗೆ ಮಾಡುವವರೂ ಅವರೇ. ಆಗ ಯಾರಿಗೆ ಹೇಳಿಕೊಡುತ್ತೀರಿ?

ಈ ಪ್ರಶ್ನೆ ಕೇಳಿದವರಿಗೆ ನಾನು ಚಹಾ ಕೊಡುತ್ತೇನೆ. ಯಾಕೆಂದರೆ ಹೆಚ್ಚಿನವರು ಕೇಳುವುದೇ ಇಲ್ಲ.

ಗಂಡನಿಗೆ ಶುಗರ್ ಬಂದರೆ ಹೆಂಡತಿ ಅಡುಗೆ ಬದಲಿಸುತ್ತಾಳೆ, ಮಾತ್ರೆ ನೀರು ಕೈಗೆ ಕೊಡುತ್ತಾಳೆ. ಹೆಂಡತಿಗೆ ಬಂದರೆ ಮನೆಯಲ್ಲಿ ಏನೂ ಬದಲಾಗುವುದಿಲ್ಲ. ಎಲ್ಲರೂ ಉಂಡು ಎದ್ದ ಮೇಲೆ ಮೂರು ಗಂಟೆಗೆ ಅವಳ ಊಟ. ಅಷ್ಟರಲ್ಲಿ ಪಲ್ಯ ಖಾಲಿ, ಮೀನಿನ ತುಂಡು ಮಕ್ಕಳ ತಟ್ಟೆಗೆ ಹೋಗಿದೆ. ತಳದಲ್ಲಿ ಉಳಿದ ಅನ್ನ ಚೆಲ್ಲಬಾರದು ಅಂತ ಅಷ್ಟನ್ನೂ ಸಾರಿನ ಜೊತೆ ಮುಗಿಸುತ್ತಾಳೆ. ಬೆಳಿಗ್ಗೆಯೇ ಮಾತ್ರೆ ನುಂಗಿ ಮಧ್ಯಾಹ್ನ ಇಷ್ಟು ತಡವಾದರೆ ನಡುವೆ ಲೋ ಆಗುತ್ತದೆ, ಆಮೇಲೆ ಒಮ್ಮೆಲೇ ತಿಂದಿದ್ದಕ್ಕೆ ಏರುತ್ತದೆ. ಡಾಕ್ಟರು ಮಾತ್ರೆ ಎಷ್ಟು ಬದಲಿಸಿದರೂ ಹೊಂದುವುದಿಲ್ಲ.

ಇಂಥ ಮನೆಯವರಿಗೆ ನನ್ನ ಬೇಡಿಕೆ ಮೂರೇ. ಅಮ್ಮನೂ ನಿಮ್ಮ ಜೊತೆಗೇ ಊಟಕ್ಕೆ ಕೂರಲಿ. ಅವರ ಪಾಲಿನ ಪಲ್ಯ, ಮೀನು ಮೊದಲೇ ತೆಗೆದು ಮುಚ್ಚಿಡಿ. ಸಂಜೆ ಅರ್ಧ ಗಂಟೆ ಅವರು ನಡೆದು ಬರುವ ತನಕ ಒಲೆಯ ಕೆಲಸ ಬೇರೆ ಯಾರಾದರೂ ನೋಡಿಕೊಳ್ಳಿ. "ದಿನವಿಡೀ ಮನೆಕೆಲಸ ಮಾಡ್ತಾಳೆ, ವಾಕಿಂಗ್ ಯಾಕೆ" ಎಂದು ಒಬ್ಬ ಯಜಮಾನರು ಕೇಳಿದ್ದರು. ಒಂದು ವಾರ ಮನೆಕೆಲಸ ನೀವು ಮಾಡಿ ನೋಡಿ ಎಂದೆ. ನಗಾಡಿದರು, ಆದರೆ ಮುಂದಿನ ಸಲ ಇಬ್ಬರೂ ಬೀಚಿನ ಕಡೆ ನಡೆಯುತ್ತಿದ್ದೇವೆ ಎಂದು ಹೇಳಿದರು.

ಎಷ್ಟು ಹೇಳಿದರೂ ಕೇಳುವುದಿಲ್ಲ. ಕದ್ದು ತಿನ್ನುತ್ತಾರೆ. ಏನು ಮಾಡುವುದು?

ಮನೆಯಲ್ಲಿ ನಾಲ್ಕು ಜನ ಪೊಲೀಸರು ಆದರೆ ಐದನೆಯವರು ಕಳ್ಳರಾಗುತ್ತಾರೆ. ಒಬ್ಬ ಅಜ್ಜನ ಅಂಗಿ ಕಿಸೆಯಲ್ಲಿ ಸೊಸೆಗೆ ಲಾಡು ಸಿಕ್ಕಿತಂತೆ. ಅದನ್ನು ತಂದು ನನ್ನ ಮೇಜಿನ ಮೇಲೆ ಸಾಕ್ಷಿಯ ಹಾಗೆ ಇಟ್ಟರು. ಅಜ್ಜ ತಲೆ ತಗ್ಗಿಸಿ ಕೂತಿದ್ದರು, ಶಾಲೆಯಲ್ಲಿ ಸಿಕ್ಕಿಬಿದ್ದ ಮಾಣಿಯ ಹಾಗೆ. ಎಂಬತ್ತು ವರ್ಷದವರು. ನನಗೆ ಲಾಡಿಗಿಂತ ಅದು ಬೇಸರವಾಯಿತು.

"ತಿನ್ನಬೇಡಿ" ಅನ್ನುವುದಕ್ಕಿಂತ "ಯಾವಾಗ ತಿನ್ನೋಣ?" ಎಂದು ಕೇಳಿ. ಚೌತಿಗೆ ಮುಂಚೆ ಶಿರಸಿ ಕಡೆ ಚಕ್ಲಿ ಕಂಬಳ ಮಾಡುತ್ತಾರೆ. ಕೇರಿಯವರೆಲ್ಲ ಸೇರಿ ಕೈಯಲ್ಲಿ ಚಕ್ಲಿ ಸುತ್ತುತ್ತಾರೆ. ಅಲ್ಲಿ ಒಬ್ಬರನ್ನು ಮಾತ್ರ ಹೊರಗೆ ಕೂರಿಸಲು ಆಗುತ್ತದಾ? ಎರಡು ಚಕ್ಲಿ ಅಂತ ಮೊದಲೇ ಮಾತಾಡಿಕೊಳ್ಳಿ, ಆ ಹೊತ್ತಿನ ಊಟದಲ್ಲಿ ಅಷ್ಟು ಕಡಿಮೆ ಮಾಡಿ. ತೊಡದೇವು ಎಂಬ ಸಿಹಿತಿಂಡಿ ಮಾಡಿದ ದಿನ ಅರ್ಧ ಅವರ ಕೈಗೇ ಕೊಟ್ಟುಬಿಡಿ. ಎದುರಿಗೆ ಸಿಗುವ ಅರ್ಧಕ್ಕೆ ಕದ್ದು ತಿನ್ನುವ ನಾಲ್ಕು ತಪ್ಪುತ್ತದೆ.

ಶುಗರ್ ಜಾಸ್ತಿ ಬಂದ ದಿನ "ನಿನ್ನೆ ಏನು ತಿಂದ್ರಿ?" ಎಂದು ವಿಚಾರಣೆ ಶುರು ಮಾಡಬೇಡಿ. ಜ್ವರ, ನಿದ್ದೆಗೆಡುವುದು, ಚಿಂತೆ, ಮರೆತ ಮಾತ್ರೆ, ಸ್ಟೀರಾಯ್ಡ್ ಔಷಧಿ, ಇವಕ್ಕೂ ಶುಗರ್ ಏರುತ್ತದೆ. ಬಯ್ಯುತ್ತಾರೆ ಅಂತ ಗೊತ್ತಾದರೆ ಪರೀಕ್ಷೆ ಮಾಡುವುದನ್ನೇ ಬಿಡುತ್ತಾರೆ, ಅಥವಾ ಡೈರಿಯಲ್ಲಿ ಸುಳ್ಳು ನಂಬರ್ ಬರೆಯುತ್ತಾರೆ. ಎಲ್ಲ ದಿನವೂ 110, 115, 110 ಅಂತ ಬರೆದ ಡೈರಿ ನಾನು ಬೇಕಾದಷ್ಟು ನೋಡಿದ್ದೇನೆ. ಒಂದೇ ಪೆನ್ನು, ಒಂದೇ ಸಲ ಕೂತು ಬರೆದಿದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ಯಾವುದರಲ್ಲೂ ಆಸಕ್ತಿ ಇಲ್ಲದೆ ಮಂಕಾಗಿ ಕೂತಿರುತ್ತಾರೆ, ನಿದ್ದೆ ಇಲ್ಲ ಅಂದರೆ ಹಟ ಅಂದುಕೊಳ್ಳಬೇಡಿ. ಶುಗರ್ ಜೊತೆ ಖಿನ್ನತೆ ಬರುವುದುಂಟು. ಡಾಕ್ಟರಿಗೆ ಹೇಳಿ.

ಲೋ ಶುಗರ್ ಅಂದರೇನು? ನಮಗೆ ಹೇಗೆ ಗೊತ್ತಾಗುತ್ತದೆ?

ಈ ಒಂದು ಉತ್ತರವನ್ನು ಮನೆಯ ಎಲ್ಲರೂ ಓದಿ.

ಕೆಲವು ವರ್ಷದ ಹಿಂದೆ ಒಬ್ಬರಿಗೆ ಇನ್ಸುಲಿನ್ ಹಾಕಿಕೊಳ್ಳುವುದನ್ನು ಕಲಿಸಿದೆ. ಲೋ ಆದರೆ ಏನು ಮಾಡಬೇಕು ಅಂತಲೂ ಹೇಳಿದೆ. ಅವರು ಒಬ್ಬರೇ ಬಂದಿದ್ದರು. ಒಂದು ರಾತ್ರಿ ಇನ್ಸುಲಿನ್ ಹಾಕಿಕೊಂಡು, ಪಕ್ಕದ ಮನೆಯ ಪೂಜೆಗೆ ಹೋದರು. ಅಲ್ಲಿ ಊಟ ತಡವಾಯಿತು, ಉಣ್ಣದೆ ಎದ್ದು ಬಂದರು. ಮೈ ಬೆವರು, ಮಾತು ತೊದಲು, ಸಿಟ್ಟು. ಹೆಂಡತಿ ಎಲ್ಲೋ ಕುಡಿದು ಬಂದಿದ್ದಾರೆ ಅಂದುಕೊಂಡು ಮಾತಾಡದೆ ಆ ಕಡೆ ತಿರುಗಿ ಮಲಗಿದರು. ಬೆಳಗಿನ ಜಾವ ಎಬ್ಬಿಸಿದರೆ ಎದ್ದೇಳಲಿಲ್ಲ. ಆಸ್ಪತ್ರೆಗೆ ಒಯ್ದರು, ಪುಣ್ಯಕ್ಕೆ ಉಳಿದರು. ಆಯಮ್ಮ ಆಮೇಲೆ ನನ್ನ ಎದುರು ಕೂತು, "ನಂಗೆ ಒಂದ್ ಮಾತು ಹೇಳಿದ್ರೆ ಸಕ್ಕರೆ ನೀರು ಕೊಡ್ತಿರ್ಲಿಲ್ವಾ?" ಎಂದು ಕೇಳಿದರು. ತಪ್ಪು ನನ್ನದು. ಮನೆಯವರಿಲ್ಲದೆ ಪಾಠ ಮಾಡುವುದನ್ನು ಆವತ್ತು ಬಿಟ್ಟೆ.

ಶುಗರ್ 70ಕ್ಕಿಂತ ಕೆಳಗೆ ಹೋದರೆ ಲೋ. ಬೆವರು, ಕೈ ನಡುಕ, ಎದೆ ಡವಡವ, ವಿಪರೀತ ಹಸಿವು, ತಲೆ ತಿರುಗು, ಇದ್ದಕ್ಕಿದ್ದಂತೆ ಸಿಟ್ಟು, ಅಸಂಬದ್ಧ ಮಾತು. ಮೀಟರ್ ಹತ್ತಿರದಲ್ಲಿದ್ದರೆ ನೋಡಿ, ಇಲ್ಲದಿದ್ದರೆ ಹುಡುಕುತ್ತಾ ಕೂರಬೇಡಿ. ಮೂರು ಚಮಚ ಸಕ್ಕರೆಯನ್ನೋ ಗ್ಲುಕೋಸ್ ಪುಡಿಯನ್ನೋ ನೀರಿಗೆ ಹಾಕಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಸರಿಯಾದ ಮೇಲೆ ಏನಾದರೂ ತಿನ್ನಿಸಿ. ಲಾಡು, ಚಾಕಲೇಟು ಈ ಹೊತ್ತಿಗೆ ಬೇಡ, ಅದರಲ್ಲಿ ಜಿಡ್ಡು ಇರುವುದರಿಂದ ನಿಧಾನ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲುಕೋಸ್ ಪುಡಿಯೇ ಬೇಕು. ಮಾತ್ರೆಯ ಕವರ್ ತನ್ನಿ ಅನ್ನುವುದು ಇದಕ್ಕೂ ಹೌದು.

ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಪಕ್ಕಕ್ಕೆ ತಿರುಗಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ. ಮಾತ್ರೆಯಿಂದ ಲೋ ಆದರೆ ಒಮ್ಮೆ ಸರಿಯಾದರೂ ಮತ್ತೆ ಇಳಿಯಬಹುದು, ಅವತ್ತೇ ಡಾಕ್ಟರಿಗೆ ತಿಳಿಸಿ. ಗ್ಲುಕೋಸ್ ಪುಡಿ ಎಲ್ಲಿದೆ ಅಂತ ಮಕ್ಕಳಿಗೂ ಗೊತ್ತಿರಲಿ.

ಇನ್ಸುಲಿನ್ ಹಾಕಲು ನಮಗೆ ಹೆದರಿಕೆ. ಕರೆಂಟ್ ಹೋದರೆ ಎಲ್ಲಿಡುವುದು?

ಹೆದರಿಕೆ ಮೊದಲ ಎರಡು ದಿನ. ಈಗಿನ ಸೂಜಿ ಕೂದಲಿನಷ್ಟು ತೆಳು. ಹೊಟ್ಟೆ ಅಥವಾ ತೊಡೆಗೆ ಹಾಕಿ, ದಿನಾ ಜಾಗ ಬದಲಿಸಿ. ಒಂದೇ ಕಡೆ ಚುಚ್ಚಿದರೆ ಅಲ್ಲಿ ಗಂಟು ಕಟ್ಟುತ್ತದೆ, ಔಷಧಿ ಸರಿಯಾಗಿ ಹೀರುವುದಿಲ್ಲ. ವಾರಕ್ಕೊಮ್ಮೆ ಮನೆಯವರು ಹೊಟ್ಟೆಯ ಮೇಲೆ ಕೈ ಆಡಿಸಿ ನೋಡಿ.

ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ. ಐಸ್ ಆಗುವ ಜಾಗದಲ್ಲಿ ಇಡಬೇಡಿ, ಗಟ್ಟಿಯಾಗಿದ್ದು ಕೆಟ್ಟ ಹಾಗೇ. ಬಳಸುತ್ತಿರುವುದನ್ನು ಬಿಸಿಲು ತಾಗದ ತಂಪು ಜಾಗದಲ್ಲಿ ಸುಮಾರು 28 ದಿನ ಇಡಬಹುದು. ಎಷ್ಟು ದಿನ ಅಂತ ಡಬ್ಬಿಯ ಮೇಲೂ ಓದಿಕೊಳ್ಳಿ, ತೆರೆದ ದಿನ ಅದರ ಮೇಲೆ ಬರೆದಿಡಿ. ಮಳೆಗಾಲದಲ್ಲಿ ಘಟ್ಟದ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಹೊಸದೇನಲ್ಲ. ಫ್ರಿಜ್ ಪದೇ ಪದೇ ತೆರೆಯಬೇಡಿ. ಫ್ರಿಜ್ಜೇ ಇಲ್ಲದವರು ದೊಡ್ಡ ಮಣ್ಣಿನ ಮಡಕೆಯೊಳಗೆ ಸಣ್ಣದೊಂದನ್ನು ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಒಳಗಿನ ಮಡಕೆಯಲ್ಲಿ ಇನ್ಸುಲಿನ್ ಅನ್ನು ನೀರು ತಾಗದ ಡಬ್ಬಿಯಲ್ಲಿ ಇಡಬಹುದು.

ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ತುಂಬಿದ ಮೇಲೆ ಆಸ್ಪತ್ರೆಗೆ ಕೊಡಿ. ತೋಟದ ಗೊಬ್ಬರ ಗುಂಡಿಗೆ ಎಸೆಯಬೇಡಿ, ನಾಳೆ ಇನ್ಯಾರದೋ ಕಾಲಿಗೆ ಚುಚ್ಚುತ್ತದೆ.

ಕಾಲು ನೋಡಿ ಅಂತ ಯಾಕೆ ಅಷ್ಟು ಹೇಳುತ್ತೀರಿ?

ಶುಗರ್ ಹಳೆಯದಾದರೆ ಪಾದದ ನರ ಸತ್ತು ನೋವು ಗೊತ್ತಾಗುವುದಿಲ್ಲ. ಅಡಿಕೆ ತೋಟದಲ್ಲಿ ಮುಳ್ಳು ಹೊಕ್ಕರೂ ತಿಳಿಯುವುದಿಲ್ಲ. ಬಗ್ಗಿ ತಮ್ಮ ಪಾದದ ಅಡಿ ನೋಡಿಕೊಳ್ಳಲು ವಯಸ್ಸಾದವರಿಗೆ ಆಗುವುದಿಲ್ಲ. ಹಾಗಾಗಿ ಇದು ಮನೆಯವರದೇ ಕೆಲಸ. ರಾತ್ರಿ ಮಲಗುವ ಮುಂಚೆ ಎರಡು ನಿಮಿಷ, ಬೆಳಕಿನಲ್ಲಿ, ಬೆರಳಿನ ಸಂದಿ ಬಿಡಿಸಿ ನೋಡಿ. ಗಾಯ, ಗುಳ್ಳೆ, ಕೆಂಪು, ಆಣಿ ಇದ್ದರೆ ಮನೆಯಲ್ಲಿ ಬ್ಲೇಡ್ ಹಾಕಬೇಡಿ. ಗಾಯ ಎರಡು ದಿನದಲ್ಲಿ ಒಣಗುವ ಲಕ್ಷಣ ಕಾಣದಿದ್ದರೆ ತೋರಿಸಿ. ಕೆಂಪಾಗಿ ಊದಿದ್ದರೆ, ಕೀವು ಇದ್ದರೆ ಅವತ್ತೇ ತೋರಿಸಿ.

ಗದ್ದೆ ಕೆಸರಿನಿಂದ ಬಂದ ಮೇಲೆ ತೊಳೆದು ಬೆರಳಿನ ಸಂದಿ ಪೂರ್ತಿ ಒರೆಸಿ, ಎಣ್ಣೆಯನ್ನು ಹಿಮ್ಮಡಿಗೆ ಹಚ್ಚಿ, ಸಂದಿಗೆ ಬೇಡ. ಘಟ್ಟದ ಮೇಲಿನ ಚಳಿಯಲ್ಲಿ ಬಚ್ಚಲು ಒಲೆಯ ಎದುರು ಕಾಲು ಚಾಚಿ ಕೂರುವ ಸುಖ ನನಗೂ ಗೊತ್ತು, ಆದರೆ ಸುಟ್ಟಿದ್ದು ಗೊತ್ತಾಗದೆ ಬೊಬ್ಬೆ ಎದ್ದವರು ಬಂದಿದ್ದಾರೆ. ಹಂಡೆಯ ನೀರನ್ನು ನೀವು ಮೊಣಕೈಯಿಂದ ಮುಟ್ಟಿ ನೋಡಿ ಕೊಡಿ. ಮಧ್ಯಾಹ್ನದ ಬಿಸಿಲಿಗೆ ಗೋಕರ್ಣದ ಮರಳಿನಲ್ಲಿ ಬರಿಗಾಲು ಬೇಡ. ಚಪ್ಪಲಿ ಮೆತ್ತಗಿನ ರಬ್ಬರಿನ (ಎಂಸಿಆರ್) ಅಟ್ಟೆಯದು, ಹಿಂದೆ ಪಟ್ಟಿ ಇರುವುದು ಒಳ್ಳೆಯದು.

ನಮ್ಮವರು ಮೀನು ಹಿಡಿಯಲು ಹೋಗುತ್ತಾರೆ. ಹೊತ್ತಿಗೆ ಸರಿಯಾಗಿ ಊಟ ಹೇಗೆ?

ಬೈತಖೋಲ, ತದಡಿ ಬಂದರಿನಿಂದ ಹೋಗುವವರ ಮನೆಯವರು ಇದನ್ನು ಕೇಳುತ್ತಾರೆ. ಹೋಗುವಾಗ ಮಾತ್ರೆಯ ಜೊತೆ ಗ್ಲುಕೋಸ್ ಪುಡಿಯನ್ನು ನೀರು ಹೋಗದ ಕವರಿನಲ್ಲಿ ಕಟ್ಟಿಕೊಡಿ. ದೋಣಿಯಲ್ಲಿ ಜೊತೆಗಿರುವ ಒಬ್ಬರಿಗಾದರೂ ವಿಷಯ ಗೊತ್ತಿರಲಿ.

ಇನ್ನೊಂದನ್ನು ನಾನು ಮೀನುಗಾರರ ಮನೆಯವರಿಂದಲೇ ಕಲಿತೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ರಜೆ. ಎರಡು ತಿಂಗಳು ಮನೆಯಲ್ಲಿ ಕೂತು ತಿಂದು ಶುಗರ್ ಏರುತ್ತದೆ, ಡಾಕ್ಟರು ಮಾತ್ರೆ ಏರಿಸುತ್ತಾರೆ. ಆಗಸ್ಟಿನಲ್ಲಿ ಬಲೆ ಎಳೆಯುವ ಕೆಲಸ ಶುರು, ಮಾತ್ರೆ ಮಾತ್ರ ಅಷ್ಟೇ ಜೋರಿನದು. ಆಗ ನಡು ಸಮುದ್ರದಲ್ಲಿ ಲೋ. ಜುಲೈ ಕೊನೆಯಲ್ಲಿ ಒಮ್ಮೆ ತೋರಿಸಿಕೊಂಡೇ ಹೋಗಲಿ.

ಏಕಾದಶಿ, ರೋಜಾ ಮಾಡಬಹುದಾ?

ಕೆಲವರಿಗೆ ಆಗುತ್ತದೆ, ಕೆಲವರಿಗೆ ಅಪಾಯ. ಭಟ್ಕಳ ಕಡೆಯ ಮನೆಯವರಿಗೆ ರಂಜಾನಿಗೆ ಒಂದೂವರೆ ಎರಡು ತಿಂಗಳು ಮೊದಲೇ ಬನ್ನಿ ಎನ್ನುತ್ತೇವೆ, ಔಷಧಿಯ ಹೊತ್ತು, ಪ್ರಮಾಣ ಎರಡೂ ಬದಲಾಗಬೇಕು. ಬೆರಳು ಚುಚ್ಚಿ ನೋಡಿದರೆ ರೋಜಾ ಮುರಿಯುವುದಿಲ್ಲ ಎಂದು ಧರ್ಮಗುರುಗಳೇ ಹೇಳುತ್ತಾರೆ. 70ಕ್ಕಿಂತ ಕೆಳಗೆ ಹೋದರೆ ಅಥವಾ 300 ದಾಟಿದರೆ ರೋಜಾ ಬಿಡಬೇಕು. ಏಕಾದಶಿಗೆ ಅನ್ನ ಬಿಟ್ಟು ಅವಲಕ್ಕಿ, ಬಾಳೆಹಣ್ಣು, ಸಾಬುದಾನಿ ಹೊಟ್ಟೆ ತುಂಬ ತಿಂದರೆ ಶುಗರಿಗೆ ಉಪವಾಸ ಆಗುವುದಿಲ್ಲ.

ಜ್ವರ, ವಾಂತಿ ಬಂದು ಊಟವೇ ಸೇರದಿದ್ದರೆ ಮಾತ್ರೆ ನಿಲ್ಲಿಸಬೇಕಾ?

ನೀವೇ ತೀರ್ಮಾನ ಮಾಡಬೇಡಿ, ಫೋನ್ ಮಾಡಿ ಕೇಳಿ. ಕೆಲವು ಮಾತ್ರೆ ನಿಲ್ಲಿಸಬೇಕಾಗುತ್ತದೆ, ಇನ್ಸುಲಿನ್ ಪೂರ್ತಿ ನಿಲ್ಲಿಸುವುದು ಅಪಾಯ. ಅದರಲ್ಲೂ ಟೈಪ್ 1 (ಮೈಯಲ್ಲಿ ಇನ್ಸುಲಿನ್ ಹುಟ್ಟದ ಬಗೆಯ ಶುಗರ್) ಇರುವ ಮಕ್ಕಳಿಗೆ ಒಂದು ದಿನವೂ ಬಿಡುವಂತಿಲ್ಲ. ನೀರು ಕುಡಿಸುತ್ತಾ ಇರಿ, ಮೂರು ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಿ. ಕುಡಿದದ್ದೂ ನಿಲ್ಲದಿದ್ದರೆ, ಉಸಿರು ಜೋರಾದರೆ ಆಸ್ಪತ್ರೆಗೆ ಹೊರಡಿ.

ಅಂಗಳದಲ್ಲಿ ಇನ್ಸುಲಿನ್ ಗಿಡ ನೆಟ್ಟಿದ್ದೇವೆ. ಎಲೆ ತಿಂದರೆ ಮಾತ್ರೆ ಬಿಡಬಹುದಾ?

ಬಿಡಬಾರದು. ಹೆಸರು ಇನ್ಸುಲಿನ್ ಅಂತ ಇದೆಯೇ ಹೊರತು ಎಲೆಯೊಳಗೆ ಇನ್ಸುಲಿನ್ ಇಲ್ಲ. ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, ಮಧುನಾಶಿನಿ, ಏನೇ ಕೊಡುತ್ತಿದ್ದರೂ ಮುಚ್ಚಿಡದೆ ಹೇಳಿ, ಬಯ್ಯುವುದಿಲ್ಲ. ಮಾತ್ರೆಯ ಜೊತೆ ಸೇರಿ ಲೋ ಆಗುವುದೂ ಇದೆ. ಎಲೆ ನಂಬಿ ಆರು ತಿಂಗಳು ಮಾತ್ರೆ ಬಿಟ್ಟು ಕಣ್ಣು ಮಂಜಾಗಿ ಬಂದವರನ್ನು ನೋಡಿದ ಮೇಲೆ ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ.

ನಾನು ಬೆಂಗಳೂರಿನಲ್ಲಿದ್ದೇನೆ. ದೂರದಿಂದ ಏನು ಮಾಡಬಹುದು?

ಗ್ಲುಕೋಮೀಟರ್ ಕಳಿಸುತ್ತೀರಿ, ಸ್ಟ್ರಿಪ್ ಮುಗಿದ ಮೇಲೆ ಮರೆಯುತ್ತೀರಿ. ಮೀಟರ್ ದೇವರ ಕೋಣೆಯ ಗೂಡಿನಲ್ಲಿ ಕೂತಿರುತ್ತದೆ. ಸ್ಟ್ರಿಪ್ ತಿಂಗಳು ತಿಂಗಳು ಕಳಿಸಿ. ನಾನು ಹೇಳಿಕೊಡುವ ದಿನ ವಿಡಿಯೋ ಕಾಲಿನಲ್ಲಿ ಕೂರಿ. ಫೋನ್ ಮಾಡಿದಾಗ ಮೊದಲ ಪ್ರಶ್ನೆಯೇ "ಶುಗರ್ ಎಷ್ಟು?" ಆಗದಿರಲಿ. ಮಳೆ ಹೇಗಿದೆ, ದನ ಕರು ಹಾಕಿತಾ ಅಂತ ಕೇಳಿ, ಆಮೇಲೆ ಶುಗರಿಗೆ ಬನ್ನಿ. ಹಬ್ಬಕ್ಕೆ ಬರುವಾಗ ಸ್ವೀಟ್ ಬಾಕ್ಸ್ ತರುವವರೂ ನೀವೇ, ನೆನಪಿರಲಿ.

ನಮಗೂ ಬರುತ್ತದಾ?

ಅಪ್ಪ ಅಮ್ಮನಿಗೆ ಇದ್ದರೆ ನಿಮಗೆ ಬರುವ ಸಂಭವ ಜಾಸ್ತಿ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿಗಿಂತ ಜಾಸ್ತಿ ಜನ ಗಡಿಯಲ್ಲಿದ್ದಾರೆ. ಖಾಲಿ ಹೊಟ್ಟೆಯಲ್ಲಿ 100ರಿಂದ 125, ಅಥವಾ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಗಡಿ. ಗಡಿಯಲ್ಲಿದ್ದಾಗ ತೂಕ ಇಳಿಸಿ, ದಿನಾ ನಡೆದರೆ ಕಾಯಿಲೆಯನ್ನು ಬಹಳ ವರ್ಷ ಮುಂದೆ ಹಾಕಬಹುದು. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನೋಡುತ್ತಾರೆ, ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಅಪ್ಪನನ್ನು ಕರೆದುಕೊಂಡು ಬಂದ ದಿನ ನಿಮ್ಮ ಬೆರಳೂ ಚುಚ್ಚಿ ನೋಡುತ್ತೇನೆ, ತಪ್ಪಿಸಿಕೊಳ್ಳಲು ಬಿಡುವುದಿಲ್ಲ.

ಮತ್ತೆ ಯಾವಾಗ ಬರಬೇಕು?

ಎಚ್‌ಬಿಎ1ಸಿ ಮೂರು ತಿಂಗಳಿಗೊಮ್ಮೆ, ಹತೋಟಿಯಲ್ಲಿದ್ದರೆ ಆರು ತಿಂಗಳಿಗೊಮ್ಮೆ. ಕಣ್ಣಿನ ಒಳಪರದೆ, ಮೂತ್ರದಲ್ಲಿ ಪ್ರೋಟೀನ್, ಕಿಡ್ನಿಯ ಕ್ರಿಯಾಟಿನಿನ್, ಪಾದದ ಪರೀಕ್ಷೆ ವರ್ಷಕ್ಕೊಮ್ಮೆ. ಕಣ್ಣಿಗೆ ಔಷಧಿ ಬಿಟ್ಟರೆ ಕೆಲವು ಗಂಟೆ ಮಂಜಾಗಿರುತ್ತದೆ, ಅವತ್ತು ಅಪ್ಪನಿಗೆ ಬೈಕ್ ಕೊಡಬೇಡಿ, ನೀವು ಜೊತೆಗೆ ಬನ್ನಿ. ಶಿರಸಿಯಿಂದ ಬರುವವರು ಮಳೆಗಾಲದಲ್ಲಿ ಘಟ್ಟದ ರಸ್ತೆ ತೆರೆದಿದೆಯೇ ಅಂತ ಕೇಳಿಕೊಂಡು ಹೊರಡಿ. ಖಾಲಿ ಹೊಟ್ಟೆಯ ಪರೀಕ್ಷೆ ಇದ್ದರೆ ಬುತ್ತಿ ಕಟ್ಟಿಕೊಂಡು ಬನ್ನಿ. ರಕ್ತ ಕೊಟ್ಟ ಕೂಡಲೇ ತಿನ್ನಬಹುದು, ಹೊರಗೆ ಬೆಂಚು ಇದೆ.